ಮರೆತ ಸಾಮಾನಿನ ಕಪಾಟು

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ದಿಕ್ಕುಗಳು ಎರಡೇ ಇದ್ದವು. ಒಂದು ಬೆಟ್ಟದ ಕಡೆ, ಇನ್ನೊಂದು ಸಮುದ್ರದ ಕಡೆ. ಪೂರ್ವ, ಪಶ್ಚಿಮ ಎಂಬುವೆಲ್ಲ ಶಾಲೆಯ ಪುಸ್ತಕದಲ್ಲಿ ಇರುತ್ತಿದ್ದವು, ಬಾಯಿಗೆ ಬರುತ್ತಿರಲಿಲ್ಲ. ಜಪಾನಿನ ಕೋಬೆ ಊರೇ ಹಾಗೆ. ಹಿಂದೆ ಉದ್ದಕ್ಕೂ ಬೆಟ್ಟ, ಮುಂದೆ ಉದ್ದಕ್ಕೂ ಕಡಲು, ನಡುವಿನ ಪಟ್ಟಿಯಷ್ಟು ಜಾಗದಲ್ಲಿ ಜನ. ಅಂಚೆ ಕಚೇರಿ ಎಲ್ಲಿ ಎಂದು ಕೇಳಿದರೆ "ಬ್ಯಾಂಕಿನಿಂದ ಸ್ವಲ್ಪ ಬೆಟ್ಟದ ಕಡೆಗೆ" ಎನ್ನುತ್ತಿದ್ದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನ್ನ ಅಮ್ಮನಿಗೆ ಇದು ಬಹಳ ಹಿಡಿಸಿತ್ತು. "ನಮ್ಮೂರಲ್ಲೂ ಚಾಮುಂಡಿ ಬೆಟ್ಟ ನೋಡ್ಕೊಂಡೇ ದಾರಿ ಕಂಡ್ಕೋತಿದ್ವಿ ಕಣೇ. ಸಮುದ್ರ ಒಂದು ಇರ್ಲಿಲ್ಲ ಅಷ್ಟೆ," ಅನ್ನುತ್ತಿದ್ದಳು.

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿ ನಮ್ಮ ಕನ್ನಡದವರ ಮನೆಗಳಲ್ಲಿ ಊಟವಾದ ಮೇಲೆ ಬಾಲ್ಯದ ಮಾತು ಬಂದೇ ಬರುತ್ತದೆ. ಒಬ್ಬರು ಜಯನಗರದ ರಸ್ತೆಯ ಕ್ರಿಕೆಟ್ಟು ಎನ್ನುತ್ತಾರೆ, ಇನ್ನೊಬ್ಬರು ಹಾಸನದ ಸೋದರತ್ತೆಯ ಕೈ ಅಕ್ಕಿರೊಟ್ಟಿ ಎನ್ನುತ್ತಾರೆ. ನನ್ನ ಸರದಿ ಬಂದಾಗ ನಾನು ರೈಲು ಎನ್ನುತ್ತೇನೆ. ಜಪಾನಿನ ರೈಲು ಎಂದ ಕೂಡಲೇ ಮಾತು ಬುಲೆಟ್ ಟ್ರೇನಿನ ಕಡೆಗೆ ಹೊರಟುಬಿಡುತ್ತದೆ. ಯಾರೋ ಒಬ್ಬರು ಫೋನು ತೆಗೆದು ಅದರ ವಿಡಿಯೊ ತೋರಿಸುತ್ತಾರೆ. ನನಗೆ ಒಳಗೊಳಗೇ ರೇಗುತ್ತದೆ. ನನ್ನದು ಬುಲೆಟ್ ಟ್ರೇನಲ್ಲ. ಕೋಬೆಗೂ ಪಕ್ಕದ ಒಸಾಕಾಗೂ ನಡುವೆ ದಿನವಿಡೀ ಓಡಾಡುವ, ಆಫೀಸಿನವರೂ ಶಾಲೆಯವರೂ ಸೊಪ್ಪಿನ ಚೀಲದವರೂ ಹತ್ತಿಳಿಯುವ ಸಾದಾ ರೈಲು. ಅದರ ಕಥೆಯನ್ನು ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಈ ಚಳಿಗಾಲ ಅಪ್ಪ ತೀರಿಕೊಂಡ. ಅದನ್ನು ಕಣ್ಣಾರೆ ಕಂಡವಳು ಈಗ ನಾನೊಬ್ಬಳೇ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಮಂಡ್ಯದ ಕಡೆಯವನು. ಹಡಗಿನ ಎಂಜಿನ್ನು ಮಾಡುವ ಕಂಪನಿಯೊಂದು ಅವನನ್ನು ಕೋಬೆಗೆ ಕರೆಸಿಕೊಂಡಾಗ ನಾನಿನ್ನೂ ಸ್ಲೇಟು ಹಿಡಿಯದ ಕೂಸು. ಅಲ್ಲೇ ಬೆಳೆದೆ, ಅಲ್ಲಿಯ ಮಕ್ಕಳ ಜೊತೆಯೇ ಹಳದಿ ಟೋಪಿ ಹಾಕಿಕೊಂಡು ಶಾಲೆಗೆ ಹೋದೆ. ಹೀಗಾಗಿ ಮೂವರಲ್ಲಿ ಜಪಾನಿ ಮಾತು ಸಲೀಸಾಗಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಅಂಗಡಿಯಲ್ಲಿ, ಡಾಕ್ಟರ ಬಳಿ, ಬಾಡಿಗೆ ಮನೆಯ ಆಫೀಸಿನಲ್ಲಿ, ಎಲ್ಲಿ ಹೋದರೂ ಅಪ್ಪ ನನ್ನ ಬೆನ್ನು ತಟ್ಟಿ "ಅದೇನು ಕೇಳವ್ವ" ಅನ್ನುತ್ತಿದ್ದ. ನನಗೋ ಜಂಬ.

ಮನೆ ಬೆಟ್ಟದ ಇಳಿಜಾರಿನಲ್ಲಿತ್ತು, ಸ್ಟೇಷನ್ನು ಕೆಳಗೆ. ರೈಲಿಗೆ ಅಮ್ಮನ ಹತ್ತಿರ ಇದ್ದ ಮೈಸೂರು ರೇಷ್ಮೆ ಸೀರೆಯದೇ ಬಣ್ಣ, ಕಂದುಗೆಂಪು. ಒಳಗೆ ಮರದ ಬಣ್ಣದ ಗೋಡೆ, ಪಾಚಿ ಹಸಿರಿನ ಮಖಮಲ್ಲಿನ ಸೀಟು. ಸೀಟಿನ ಮೇಲೆ ಬೆರಳಿನಿಂದ ಗೀಚಿದರೆ ಗೆರೆ ಮೂಡುತ್ತಿತ್ತು, ಎದುರು ದಿಕ್ಕಿಗೆ ಸವರಿದರೆ ಮಾಯವಾಗುತ್ತಿತ್ತು. ನಾನು ಒಸಾಕಾವರೆಗೂ ಹಾಗೆ ಕನ್ನಡದ ಅ ಆ ಇ ಈ ಬರೆದು ಬರೆದು ಅಳಿಸುತ್ತಿದ್ದೆ. ಸೀಟುಗಳು ಉದ್ದಕ್ಕೆ ಗೋಡೆಗೆ ಬೆನ್ನು ಹಾಕಿ ಇದ್ದವು, ಎದುರುಬದುರು. ಹಾಗಾಗಿ ಬೆಟ್ಟದ ಕಡೆ ಕೂತವರಿಗೆ ಎದುರಿನ ಕಿಟಕಿಯಲ್ಲಿ ಸಮುದ್ರದ ಕಡೆ ಕಾಣುತ್ತಿತ್ತು. ಅಮ್ಮ ಯಾವಾಗಲೂ ಬೆಟ್ಟದ ಕಡೆಯೇ ಕೂರುತ್ತಿದ್ದಳು.

ಆದರೆ ಕಡಲು ಎಲ್ಲಿ ಕಾಣಬೇಕು? ನಡುವೆ ಬರೀ ಮನೆ, ಶಾಲೆ, ಒಗೆದ ಬಟ್ಟೆ ಒಣಹಾಕಿದ ಬಾಲ್ಕನಿ, ದೊಡ್ಡ ಕಟ್ಟಡ. ಯಾವುದೋ ಅಡ್ಡರಸ್ತೆಯ ತುದಿಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು ಏನೋ ಹೊಳೆದಂತಾಗಿ ಹೋಗಿಬಿಡುತ್ತಿತ್ತು.

"ಅಮ್ಮಾ, ಏನೂ ಕಾಣಲ್ಲ. ಸುಮ್ನೆ ಇಲ್ಲಿ ಕೂರಿಸ್ತೀಯ."

"ಕಾಣ್ದಿದ್ರೆ ಏನಾಯ್ತೀಗ? ಅಲ್ಲೇ ಇದೆಯಲ್ಲ. ನಾವು ಅದರ ಕಡೆಗೆ ಮುಖ ಮಾಡ್ಕೊಂಡು ಕೂತಿರೋಣ."

ನಾನು ಮತ್ತೆ ಸೀಟಿನ ಮೇಲೆ ಗೀಚುತ್ತಿದ್ದೆ.

ನಮ್ಮದು ಮರೆವಿನ ಸಂಸಾರ. ಅಪ್ಪ ಛತ್ರಿ ಬಿಡುತ್ತಿದ್ದ, ಅಮ್ಮ ಕನ್ನಡಕ ಬಿಡುತ್ತಿದ್ದಳು, ನಾನು ಟೋಪಿಯಿಂದ ಹಿಡಿದು ಏನನ್ನು ಬೇಕಾದರೂ ಬಿಡುತ್ತಿದ್ದೆ. ಆದರೆ ಆ ಲೈನಿನಲ್ಲಿ ಬಿಟ್ಟದ್ದು ಕಳೆದುಹೋಗುತ್ತಿರಲಿಲ್ಲ. ಟಿಕೆಟ್ ಗೇಟಿನ ಪಕ್ಕದ ಕೋಣೆಯಲ್ಲಿ ಒಂದು ಕಪಾಟು. ಮರೆತ ಸಾಮಾನೆಲ್ಲ ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಅಲ್ಲಿ ಕಾದಿರುತ್ತಿದ್ದವು: ಛತ್ರಿಗಳು, ಒಂಟಿ ಕೈಗವಸು, ಯಾರದೋ ಹಲ್ಲಿನ ಸೆಟ್ಟು, ಒಮ್ಮೆ ಒಂದು ಪಿಟೀಲು. ಕಪಾಟಿನ ಬೀಗದ ಕೈ ಇದ್ದದ್ದು ತಲೆ ನರೆತ ಸ್ಟೇಷನ್ ಮಾಸ್ತರರ ಹತ್ತಿರ. ನಾನು ಅವರನ್ನು ಸ್ಟೇಷನ್ ಅಜ್ಜ ಎನ್ನುತ್ತಿದ್ದೆ. ನಮ್ಮ ಮುಖ ಕಂಡರೆ ಸಾಕು, ಅವರು ನಗು ತಡೆದುಕೊಂಡು ಕೇಳುತ್ತಿದ್ದರು, ಪ್ರತಿ ಸಲವೂ ಅವೇ ಪ್ರಶ್ನೆ, ಅದೇ ಕ್ರಮದಲ್ಲಿ. ಸಾಮಾನು ಏನು? ಬಣ್ಣ ಯಾವುದು? ಎಷ್ಟನೇ ಬೋಗಿ? ಬೆಟ್ಟದ ಕಡೆಯೋ, ಸಮುದ್ರದ ಕಡೆಯೋ? ಒಳಗೆ ಏನಿದೆ?

ಒಂದು ಸಲ ನಾನು ಊಟದ ಡಬ್ಬಿ ಬಿಟ್ಟು ಇಳಿದಿದ್ದೆ. ಅರ್ಧ ತಿಂದ ಚಿತ್ರಾನ್ನ ಅದರಲ್ಲೇ ಇತ್ತು. ಮಾರನೆಯ ದಿನ ಹೋದರೆ ಡಬ್ಬಿಯನ್ನು ಫಳಫಳ ಅನ್ನುವಂತೆ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಅಮ್ಮ ನಾಚಿಕೆಯಿಂದ ಕುಗ್ಗಿಹೋದಳು.

"ರೀ, ನಮ್ಮ ಮಗು ಎಂಜಲು ಡಬ್ಬಿನ ಆ ದೊಡ್ಡೋರ ಕೈಲಿ ತೊಳಿಸ್ಬಿಟ್ವಲ್ರೀ!"

"ಅವ್ರಿಗೇನ್ ಗೊತ್ತು ಎಂಜಲು ಗಿಂಜಲು," ಎಂದು ಅಪ್ಪ ನಕ್ಕ.

"ಅವರಿಗೆ ಗೊತ್ತಿಲ್ದಿದ್ರೆ ನಮಗೆ ಗೊತ್ತಿಲ್ವಾ?"

ಆ ಭಾನುವಾರ ಮನೆಯೆಲ್ಲ ಓಮಿನ ಕಾಳು, ಕಾದ ಎಣ್ಣೆಯ ಘಮ. ಅದೇ ಡಬ್ಬಿಯ ತುಂಬ ಕೋಡುಬಳೆ ಮಾಡಿ ನನ್ನ ಕೈಯಲ್ಲಿ ಕೊಟ್ಟು ಕಳಿಸಿದಳು. ಕೆಲಸದಲ್ಲಿರುವಾಗ ಯಾರಿಂದಲೂ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ಸ್ಟೇಷನ್ ಅಜ್ಜ ಕೈಯಾಡಿಸಿದರು. ನಾನು ಕದಲಲಿಲ್ಲ. ಕೊನೆಗೆ ಅವರು ಒಂದೇ ಒಂದು ಕೋಡುಬಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಯವರೆಗೂ ಎತ್ತಿ, ಅದರ ತೂತಿನೊಳಗಿಂದ ನನ್ನನ್ನು ನೋಡಿದರು. ಆಮೇಲೆ ಕಡಿದರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಅಮ್ಮನಿಗೆ ಇದನ್ನು ಎಷ್ಟು ಸಲ ಅಭಿನಯಿಸಿ ತೋರಿಸಿದ್ದೇನೋ! ಪ್ರತಿ ಸಲವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ನಾನು ಹೇಳಬೇಕಾದದ್ದು ಅದರ ಮರುವರ್ಷದ ಶರತ್ಕಾಲದ ಕಥೆ. ಬೆಟ್ಟದ ಮರಗಳು ಕೆಂಪಾಗುತ್ತಿದ್ದ ಹೊತ್ತಿಗೆ ಅಮ್ಮನನ್ನು ಒಸಾಕಾದ ಆಸ್ಪತ್ರೆಗೆ ಸೇರಿಸಿದರು. ರಕ್ತದ ಕಾಯಿಲೆ. ಹೆಸರು ನನಗೆ ಹೇಳಲಿಲ್ಲ, ಹೇಳಿದ್ದರೂ ತಿಳಿಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಅಪ್ಪ ನನ್ನನ್ನು ಕರೆದು "ಅದೇನು ಕೇಳವ್ವ" ಅನ್ನಲಿಲ್ಲ. ಇಂಗ್ಲಿಷ್ ಬಲ್ಲ ಡಾಕ್ಟರನ್ನು ಹುಡುಕಿಕೊಂಡು, ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋಗುತ್ತಿದ್ದ. ಅಷ್ಟರಿಂದಲೇ ನನಗೆ ಹೆದರಿಕೆ ಶುರುವಾಗಿತ್ತು.

ದಿನಾ ಶಾಲೆ ಬಿಟ್ಟ ಮೇಲೆ ಅಪ್ಪ, ನಾನು ರೈಲು ಹತ್ತುತ್ತಿದ್ದೆವು. ಸ್ಟೇಷನ್ನಿನ ಎದುರು ಸುಟ್ಟ ಗೆಣಸು ಮಾರುವ ಗಾಡಿ ನಿಂತಿರುತ್ತಿತ್ತು. ಆ ಹೊಗೆ ಬೆರೆತ ಸಿಹಿ ವಾಸನೆ ಪ್ಲಾಟ್‌ಫಾರ್ಮಿನವರೆಗೂ ಬರುತ್ತಿತ್ತು. ಅಪ್ಪ ಒಂದು ಗೆಣಸು ತೆಗೆದುಕೊಡುತ್ತಿದ್ದ. ಆ ರೈಲಿನಲ್ಲಿ ಯಾರೂ ತಿನ್ನುವುದಿಲ್ಲ. ಹಾಗಾಗಿ ಅದನ್ನು ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದೆ, ಅಮ್ಮನ ಹತ್ತಿರ ಹೋಗುವವರೆಗೂ ಬೆಚ್ಚಗಿರುತ್ತಿತ್ತು. ಅಮ್ಮ ಉಗುರಿನ ತುದಿಯಷ್ಟು ಬಾಯಿಗೆ ಹಾಕಿಕೊಂಡು "ಆಹಾ" ಎನ್ನುವಳು, ಮಿಕ್ಕಿದ್ದನ್ನು ನನಗೇ ತಿನ್ನಿಸುವಳು. ಅವಳು ತಿನ್ನುತ್ತಿಲ್ಲ ಎಂಬುದು ನನಗೆ ತಿಳಿಯುತ್ತಿತ್ತು. ತಿಳಿದೂ ತಿನ್ನುತ್ತಿದ್ದೆ, ಹಸಿವಾಗಿರುತ್ತಿತ್ತು.

"ಇವತ್ತು ಯಾವ ಕಡೆ ಕೂತಿದ್ರಿ?"

"ಬೆಟ್ಟದ ಕಡೆ."

"ಸಮುದ್ರ ಕಾಣ್ತಾ?"

"ಇಲ್ಲ."

"ನಾಳೆ ನೋಡು. ಎಲೆ ಉದುರ್ತಾ ಇದೆಯಲ್ಲ, ಕಾಣತ್ತೆ."

ಎಲೆಯೆಲ್ಲ ಉದುರಿತು. ಕಟ್ಟಡಗಳು ಉದುರಲಿಲ್ಲವಲ್ಲ, ಕಡಲು ಕಾಣಲಿಲ್ಲ. ಚಳಿ ಗಟ್ಟಿಯಾಗುವ ಮೊದಲೇ ಅಮ್ಮ ಹೋಗಿಬಿಟ್ಟಳು. ಅಪ್ಪ ನನ್ನನ್ನು ತರಗತಿಯಿಂದ ಕರೆದುಕೊಂಡು ಹೋದ. ಅಮ್ಮನ ಮುಖ ಮುಟ್ಟಿ ನೋಡಿದೆ, ತಣ್ಣಗಿತ್ತು. ನನಗೆ ಯಾರೂ ಸುಳ್ಳು ಹೇಳಲಿಲ್ಲ, ನಕ್ಷತ್ರವಾದಳು ಗಿಕ್ಷತ್ರವಾದಳು ಎನ್ನಲಿಲ್ಲ. ಸತ್ತರೆ ಏನು ಎಂದು ನನಗೆ ಗೊತ್ತಿತ್ತು.

ಒಸಾಕಾದಲ್ಲೇ ಬೆಂಕಿಗೆ ಕೊಟ್ಟದ್ದಾಯಿತು. ಹಿಂದಿನ ದಿನ ಅಪ್ಪ ಊರಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅಪ್ಪನ ಅವ್ವ, ನನ್ನ ಅಜ್ಜಿ, ಸಮುದ್ರ ದಾಟಿ ಕೇಳಿಸಬೇಕೆಂದು ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದಳು. ಅವಳು ಹೇಳಿದ್ದು ಪೂರ್ತಿ ನನಗೂ ಕೇಳಿಸಿತು.

"ಅಸ್ತಿಯ ಇಲ್ಲಿಗೇ ತಕ್ಕಂಬಾ ಕಂದ. ಪಟ್ಣದ ಸಂಗಮದಲ್ಲಿ ಬುಡಾನ. ಆದ್ರೆ ಮನೆವೊಳಕ್ಕೆ ಮಾತ್ರ ತರ್ಬ್ಯಾಡ. ನೆಲಕ್ಕೂ ಇಕ್ಬ್ಯಾಡ. ಯಾವುದಾರಾ ಮರಕ್ಕೆ ಕಟ್ಟಿರು, ಹೊರಡಗಂಟ."

"ಆಗ್ಲಿ ಕಣವ್ವ," ಎಂದ ಅಪ್ಪ. ಎಲ್ಲಿಯ ಮರ, ಯಾವ ಮರ ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಅಲ್ಲಿಯ ಪದ್ಧತಿಯಂತೆ ಮೂಳೆಯ ಚೂರುಗಳನ್ನು ಒಂದು ಚಿಕ್ಕ ಪಿಂಗಾಣಿ ಭರಣಿಯಲ್ಲಿಟ್ಟು, ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ ಕೊಟ್ಟರು. ಮಧ್ಯಾಹ್ನ ನಾವಿಬ್ಬರೂ ಅದೇ ಕಂದುಗೆಂಪು ರೈಲು ಹತ್ತಿದೆವು. ಅಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೆಳಗಿನಿಂದ ನಾನೇನೂ ತಿಂದಿರಲಿಲ್ಲ, ಹಿಂದಿನ ರಾತ್ರಿ ನಿದ್ದೆಯೂ ಇರಲಿಲ್ಲ. ರೈಲು ದೊಡ್ಡ ಹೊಳೆಯ ಸೇತುವೆ ದಾಟುವಷ್ಟರಲ್ಲಿ ತೂಕಡಿಸಿ ಸೀಟಿನಿಂದ ಜಾರತೊಡಗಿದೆ. ನನ್ನನ್ನು ಹಿಡಿದುಕೊಳ್ಳಲು ಅಪ್ಪನಿಗೆ ಎರಡೂ ಕೈ ಬೇಕಾದವು. ಗಂಟನ್ನು ನೆಲಕ್ಕಿಡುವಂತಿಲ್ಲ. ಜನ ಕೂರುವ ಸೀಟಿನ ಮೇಲೂ ಇಡಲು ಮನಸ್ಸಾಗಲಿಲ್ಲ. ಎದ್ದು ನಿಂತು, ನಮ್ಮ ತಲೆಯ ಮೇಲಿನ ಸಾಮಾನಿನ ಅಟ್ಟಣಿಗೆಯಲ್ಲಿ ಅದನ್ನು ಹಗುರವಾಗಿ ಇಟ್ಟ. "ಇಲ್ಲಿಂದ ನೋಡ್ಕೊಂಡು ಬಾರೇ," ಎಂದು ಅಮ್ಮನಿಗೆ ಹೇಳಿದ್ದು ಅರೆನಿದ್ದೆಯಲ್ಲಿ ನನಗೆ ಕೇಳಿಸಿತು. ನಾವು ಕೂತದ್ದು ಬೆಟ್ಟದ ಕಡೆ.

ನಮ್ಮ ಸ್ಟೇಷನ್ನು ಬಂದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದ. ನನಗೆ ಎಚ್ಚರವಾದದ್ದು ಟಿಕೆಟ್ ಗೇಟಿನ ಹತ್ತಿರ, ಅವನ ಎದೆ ಧಸಕ್ಕೆಂದದ್ದು ನನ್ನ ಎದೆಗೆ ತಾಕಿದಾಗ. ನನ್ನನ್ನು ಕೆಳಗಿಳಿಸಿ ತನ್ನ ಕೈಗಳನ್ನು ನೋಡಿಕೊಂಡ. ಖಾಲಿ. ತಿರುಗಿ ಪ್ಲಾಟ್‌ಫಾರ್ಮಿಗೆ ಓಡಿದ. ರೈಲು ಹೋಗಿಯಾಗಿತ್ತು, ಹಳಿ ಮಾತ್ರ ಇತ್ತು. "ಅಯ್ಯೋ, ಏನ್ ಮಾಡ್ಬಿಟ್ನಪ್ಪಾ," ಎಂದು ಗಟ್ಟಿಯಾಗಿ ಕನ್ನಡದಲ್ಲೇ ಕೂಗಿದ. ಪ್ಲಾಟ್‌ಫಾರ್ಮಿನ ಜನ ತಿರುಗಿ ನೋಡಿದರು. ನಮ್ಮಪ್ಪ ಜನರ ನಡುವೆ ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸ್ಟೇಷನ್ ಅಜ್ಜ ಹೊರಗೆ ಬಂದರು. ಅಪ್ಪನಿಗೆ ಅಷ್ಟಿಷ್ಟು ಬರುತ್ತಿದ್ದ ಜಪಾನಿ ಮಾತೂ ಆಗ ಬಾಯಿಗೆ ಬರಲೊಲ್ಲದು. ನನ್ನ ಬೆನ್ನು ತಟ್ಟಿದ. ನಾನು ಹೇಳಿದೆ, ರೈಲಿನಲ್ಲಿ ಒಂದು ಸಾಮಾನು ಬಿಟ್ಟಿದ್ದೇವೆ ಎಂದು. ಅವರಿಗೇನು ಗೊತ್ತು? ನಾವು ದಿನಾ ಬಿಡುವವರೇ. ಎಂದಿನಂತೆ ನಗು ತಡೆದುಕೊಂಡು ಕೇಳತೊಡಗಿದರು.

"ಸಾಮಾನು ಏನು?"

"ಗಂಟು."

"ಬಣ್ಣ?"

"ಬಿಳಿ."

"ಎಷ್ಟನೇ ಬೋಗಿ?"

"ಹಿಂದಿನಿಂದ ಎರಡನೇದು."

"ಬೆಟ್ಟದ ಕಡೆಯೋ, ಸಮುದ್ರದ ಕಡೆಯೋ?"

"ಬೆಟ್ಟದ ಕಡೆ. ಮೇಲೆ."

"ಒಳಗೆ ಏನಿದೆ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ "ಏನಂತೆ?" ಎಂದ.

"ಒಳಗೆ ಏನಿದೆ ಅಂತ ಕೇಳ್ತಿದಾರೆ ಅಪ್ಪ."

ಅಪ್ಪ ನನ್ನ ಕೈಯಲ್ಲಿ ಆ ಮಾತು ಹೇಳಿಸಲಿಲ್ಲ. ತಾನೇ ಮುಂದೆ ಬಂದು, ಬಾರದ ಜಪಾನಿಯನ್ನು ಕೂಡಿಸಿಕೊಂಡು ಹೇಳಿದ: "ನನ್ನ ಹೆಂಡತಿ."

ಸ್ಟೇಷನ್ ಅಜ್ಜನ ಮುಖದ ನಗು ಇಂಗಿತು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸೊಂಟದಿಂದ ಬಾಗಿ, ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಒಳಗೆ ಹೋಗಿ ಫೋನು ಎತ್ತಿದರು.

ನಾವು ಬೆಂಚಿನ ಮೇಲೆ ಕೂತು ಕಾದೆವು. ಅಪ್ಪ ತಲೆ ಎತ್ತಲಿಲ್ಲ. ನಾನು ಮಾತ್ರ ಹಳಿಯ ಕಡೆಗೇ ನೋಡುತ್ತಿದ್ದೆ. ಸತ್ತರೆ ಏನು ಎಂದು ಗೊತ್ತಿತ್ತು ಎಂದೆನಲ್ಲ, ನಿಜ. ಆದರೆ ಈ ಲೈನಿನಲ್ಲಿ ಬಿಟ್ಟದ್ದು ವಾಪಸು ಬಂದೇ ಬರುತ್ತದೆ ಎಂಬುದೂ ನನಗೆ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಟೋಪಿ ಬಂದಿತ್ತು, ಛತ್ರಿ ಬಂದಿತ್ತು, ಡಬ್ಬಿ ತೊಳೆಸಿಕೊಂಡು ಬಂದಿತ್ತು. ಆ ಎಂಟು ವರ್ಷದ ತಲೆಯಲ್ಲಿ ಎರಡು ತಿಳಿವಳಿಕೆಗಳೂ ಅಕ್ಕಪಕ್ಕದಲ್ಲೇ ಕೂತಿದ್ದವು, ಒಂದಕ್ಕೊಂದು ಜಗಳವಾಡದೆ.

ಎದುರು ದಿಕ್ಕಿನ ರೈಲು ಬಂತು. ಬಾಗಿಲು ತೆರೆದಾಗ ಹತ್ತುವವರು ಯಾರೂ ಹತ್ತದೆ ಬದಿಗೆ ಸರಿದು ನಿಂತರು. ಬಿಳಿ ಕೈಗವಸು ತೊಟ್ಟ ನೌಕರನೊಬ್ಬ ಗಂಟನ್ನು ಎರಡೂ ಕೈಯಲ್ಲಿ ಎದೆಯೆತ್ತರಕ್ಕೆ ಹಿಡಿದುಕೊಂಡು ಇಳಿದ. ಕೊನೆಯ ಸ್ಟೇಷನ್ನಿನಿಂದ ಇಲ್ಲಿಯವರೆಗೂ ಅವನು ಕೂತಿರಲಿಲ್ಲ, ನಿಂತೇ ಬಂದಿದ್ದ. ಸ್ಟೇಷನ್ ಅಜ್ಜ ಅದನ್ನು ಇಸಿದುಕೊಂಡು ಅಪ್ಪನ ಕೈಗಿಟ್ಟರು. ಆಸ್ಪತ್ರೆಯಲ್ಲಿ ಅಳದ, ಬೆಂಕಿಯ ಮನೆಯಲ್ಲಿ ಅಳದ ಅಪ್ಪ ಅಲ್ಲಿ ಅತ್ತ. ಪ್ಲಾಟ್‌ಫಾರ್ಮಿನ ನಡುವೆ, ಗಂಟಿಗೆ ಹಣೆ ಹಚ್ಚಿಕೊಂಡು, ಹೆಗಲು ಕುಣಿಯುವಂತೆ ಅತ್ತ.

ಅಳು ನಿಂತ ಮೇಲೂ ಅವನು ಅಲ್ಲಿಂದ ಕದಲಲಿಲ್ಲ. ಇನ್ನೇನು ಬೇಕು ಎಂದು ಸ್ಟೇಷನ್ ಅಜ್ಜ ನನ್ನನ್ನು ಮೆಲ್ಲಗೆ ಕೇಳಿದರು. ನಾನು ಅಪ್ಪನನ್ನು ಕೇಳಿದೆ.

"ಎಲ್ಲಿಗೆ ತಕ್ಕಂಡ್ ಹೋಗ್ಲವ್ವ ಇವಳ್ನ? ಊರಿಗೆ ಹೊರಡೋದು ನಾಡಿದ್ದು. ಅಲ್ಲೀಗಂಟ ಎಲ್ಲಿ ಇಡ್ಲಿ?"

ನಮ್ಮ ಅಪಾರ್ಟ್‌ಮೆಂಟಿನ ಸುತ್ತ ಬರೀ ಕಾಂಕ್ರೀಟು. ಹತ್ತಿರದಲ್ಲಿದ್ದದ್ದು ಒಂದೇ ಮರ, ಎದುರು ಮನೆಯವರ ಕಾಂಪೌಂಡಿನ ಒಳಗಿನ, ಟೊಮೇಟೊದಂಥ ಕೇಸರಿ ಹಣ್ಣು ಬಿಡುವ ಕಾಕಿ ಮರ. ಇನ್ನೊಬ್ಬರ ಅಂಗಳದ ಮರಕ್ಕೆ ನಮ್ಮ ಸತ್ತವರನ್ನು ಕಟ್ಟುತ್ತೇವೆಂದು ಹೇಗೆ ಕೇಳುವುದು? ನಾನು ಸ್ಟೇಷನ್ ಅಜ್ಜನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಜ್ಜಿ ಅಮ್ಮನನ್ನು ಮನೆಯೊಳಗೆ ತರಬೇಡ ಎಂದಿದ್ದಾಳೆ. ನೆಲಕ್ಕೆ ಇಡಬೇಡ ಎಂದಿದ್ದಾಳೆ. ಮರಕ್ಕೆ ಕಟ್ಟು ಎಂದಿದ್ದಾಳೆ. ನಮ್ಮ ಹತ್ತಿರ ಮರ ಇಲ್ಲ.

ಅವರು ಯೋಚಿಸಿದರು. ಕಪಾಟಿನ ಕಡೆ ನೋಡಿದರು. ಆಮೇಲೆ ನನ್ನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ಆಫೀಸಿನ ದನಿಯಲ್ಲೇ ಹೇಳಿದರು. "ತಂದೆಯವರಿಗೆ ತಿಳಿಸಿ. ಮರೆತ ಸಾಮಾನನ್ನು ಕೆಲವು ದಿನ ಇಲ್ಲಿ ಇಟ್ಟುಕೊಳ್ಳುವುದು ನಮ್ಮ ನಿಯಮ. ಇದನ್ನು ಬಿಡಿಸಿಕೊಳ್ಳಲು ಸಹಿಯ ಜಾಗದಲ್ಲಿ ನೀವು ಇನ್ನೂ ನಿಮ್ಮ ಹೆಸರಿನ ಮೊಹರು ಒತ್ತಿಲ್ಲ. ನಾಡಿದ್ದು ಬೆಳಿಗ್ಗೆ ಬಂದು ಒತ್ತಿದರೆ ಸಾಕು."

ಅಪ್ಪನಿಗೆ ಅರ್ಥವಾಗಲು ನಾನು ಎರಡು ಸಲ ಹೇಳಬೇಕಾಯಿತು. ಆಗ ಅವನಿಗೆ ಇನ್ನೊಂದು ಚಿಂತೆ. "ಇವರು ಮುಟ್ಟಿದ್ರೆ ಸೂತಕ ಕಣವ್ವ, ಹೇಳು ಅವ್ರಿಗೆ." ಸೂತಕಕ್ಕೆ ಜಪಾನಿಯಲ್ಲಿ ಏನನ್ನಬೇಕೋ ನನಗೆ ತಿಳಿಯದು. "ನೀವು ಮುಟ್ಟಿದರೆ ನಿಮಗೆ ತೊಂದರೆಯಾಗುತ್ತದಂತೆ" ಎಂದೆ. "ಏನೂ ಆಗುವುದಿಲ್ಲ, ಇದು ನನ್ನ ಕೆಲಸ" ಎಂದರು.

ಕಪಾಟಿನ ಮೇಲಿನ ಹಲಗೆಯ ಛತ್ರಿಗಳನ್ನೆಲ್ಲ ತೆಗೆದು ಕೆಳಗಿಟ್ಟರು. ಹಲಗೆ ಒರೆಸಿದರು. ತಮ್ಮ ಕರವಸ್ತ್ರ ಹಾಸಿ, ಅದರ ಮೇಲೆ ಅಮ್ಮನನ್ನು ಇಟ್ಟರು. ಎದುರಿಗೆ ಒಂದು ಚಿಕ್ಕ ಲೋಟದಲ್ಲಿ ನೀರು ಇಟ್ಟರು. ನೀರು ಇಡಿ ಎಂದು ನಾವು ಹೇಳಿರಲಿಲ್ಲ.

ಮಾರನೆಯ ದಿನ ಅಪ್ಪ ಪಾಸ್‌ಪೋರ್ಟು, ಪತ್ರಗಳೆಂದು ಓಡಾಡುತ್ತಿದ್ದಾಗ ನಾನೊಬ್ಬಳೇ ಇಳಿಜಾರು ಇಳಿದು ಸ್ಟೇಷನ್ನಿಗೆ ಹೋದೆ. ಸ್ಟೇಷನ್ ಅಜ್ಜ ಏನೂ ಕೇಳದೆ ಕಪಾಟು ತೆರೆದರು. ಲೋಟದ ನೀರು ಬದಲಾಯಿಸಿದ್ದರು. ಅಮ್ಮನ ಕೆಳಗಿನ ಸಾಲಿನಲ್ಲಿ ಒಂಟಿ ಕೈಗವಸು, ಯಾರೂ ಕೇಳಿಕೊಂಡು ಬಾರದ ಛತ್ರಿಗಳು. ನಾನು ಬಹಳ ಹೊತ್ತು ನೋಡಿದೆ. ಆಮೇಲೆ ಕೇಳಿಯೇಬಿಟ್ಟೆ.

"ಅಮ್ಮನದು ಇಷ್ಟೇ ಬಂದಿದೆ. ಉಳಿದದ್ದು ಯಾವಾಗ ಬರುತ್ತದೆ?"

ದೊಡ್ಡವರು ಮಕ್ಕಳಿಗೆ ಹೇಳುವ ಯಾವ ಮಾತನ್ನೂ ಅವರು ಹೇಳಲಿಲ್ಲ. ನನ್ನ ಟೋಪಿಯನ್ನು ನೆಟ್ಟಗೆ ಮಾಡಿ, "ಅದು ನಮ್ಮ ಲೈನಿನಲ್ಲಿ ಬಿಟ್ಟದ್ದಲ್ಲ, ಮಗು. ಕ್ಷಮಿಸಬೇಕು" ಎಂದರು.

ನಾನು ಅಳಲು ಶುರುಮಾಡಿದ್ದು ಆಗ. ಅಲ್ಲಿಯವರೆಗೂ ಒಂದು ಹನಿ ಬಂದಿರಲಿಲ್ಲ. ಅವರು ಕಪಾಟಿನ ಬಾಗಿಲು ಮುಚ್ಚದೆ, ನನ್ನ ಅಳು ಮುಗಿಯುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಅದರ ಮರುದಿನ ಬೆಳಿಗ್ಗೆ ಅಪ್ಪ ಮೊಹರು ಒತ್ತಿ ಅಮ್ಮನನ್ನು ಬಿಡಿಸಿಕೊಂಡ. ರೈಲಿನಲ್ಲಿ ಬೆಟ್ಟದ ಕಡೆ ಕೂತು, ಗಂಟನ್ನು ಎರಡೂ ತೋಳಿನಿಂದ ಅವುಚಿಕೊಂಡ. ರೈಲು ಹೊರಟಾಗ ಸ್ಟೇಷನ್ ಅಜ್ಜ ಪ್ಲಾಟ್‌ಫಾರ್ಮಿನ ಮೇಲೆ ಬಾಗಿ ನಿಂತಿದ್ದರು, ಕಣ್ಮರೆಯಾಗುವವರೆಗೂ ತಲೆ ಎತ್ತಲಿಲ್ಲ. ಆ ದಿನವೂ ಕಡಲು ಕಾಣಲಿಲ್ಲ. ನಾನು ಕತ್ತು ಚಾಚಿ ಹುಡುಕುತ್ತಿದ್ದದ್ದನ್ನು ನೋಡಿ ಅಪ್ಪ, "ಕಾಣ್ದಿದ್ರೇನವ್ವ, ಅಲ್ಲೇ ಅದೆ" ಎಂದ.

ಶ್ರೀರಂಗಪಟ್ಟಣದ ಸಂಗಮದಲ್ಲಿ ಅಪ್ಪ ಎದೆಮಟ್ಟದ ನೀರಿಗಿಳಿದು ಅಸ್ಥಿ ಬಿಟ್ಟ. ಅಜ್ಜಿ ನನ್ನನ್ನು ದಡದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನೀರು ಸೆಳೆದುಕೊಂಡು ಹೋಯಿತು. ನಾನು ಸುತ್ತ ನೋಡಿದೆ. ಮಂಟಪ, ಮೆಟ್ಟಿಲು, ಹೂವಿನಂಗಡಿ, ಒದ್ದೆ ಬಟ್ಟೆ ಹಿಂಡುವ ಜನ. ಕಪಾಟು ಇರುವಂಥ ಕೋಣೆ ಎಲ್ಲೂ ಇರಲಿಲ್ಲ.

ನಾವು ಮತ್ತೆ ಕೋಬೆಗೆ ಹೋಗಲಿಲ್ಲ. ಅಪ್ಪ ಇಲ್ಲಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧದ ಲ್ಯಾಬೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದ, ಕ್ಯಾಂಪ್‌ಬೆಲ್ಲಿನಲ್ಲಿ ಮನೆ ಮಾಡಿದ. ಎಲ್ಲರೂ ಕಾರಿನಲ್ಲಿ ಫ್ರೀವೇ ಹಿಡಿದರೆ ಅವನು ರೈಲಿನಲ್ಲೇ ಹೋಗುತ್ತಿದ್ದ. ಉತ್ತರಕ್ಕೆ ಹೋಗುವಾಗ ಎಡಕ್ಕೆ ಬೆಟ್ಟದ ಸಾಲು, ಬಲಕ್ಕೆ ಕೊಲ್ಲಿಯ ನೀರು. ಇಲ್ಲೂ ನೀರು ಕಾಣುವುದು ಕಡಿಮೆಯೇ, ಗೋದಾಮು, ಪಾರ್ಕಿಂಗು ಅಡ್ಡ. ಕೋಬೆಯ ಆ ದಿನದ ನಂತರ ಅವನು ಜೀವಮಾನದಲ್ಲಿ ಯಾವ ಸಾಮಾನನ್ನೂ ತಲೆಯ ಮೇಲಿನ ಅಟ್ಟಣಿಗೆಯಲ್ಲಿ ಇಡಲಿಲ್ಲ. ಲಂಚ್ ಬ್ಯಾಗು ತೊಡೆಯ ಮೇಲೆ, ಲ್ಯಾಪ್‌ಟಾಪು ತೊಡೆಯ ಮೇಲೆ. ವಿಮಾನದಲ್ಲಿ ಗಗನಸಖಿಯರ ಜೊತೆ ವಾದ ಮಾಡುತ್ತಿದ್ದ. ಹರೆಯದಲ್ಲಿ ನನಗೆ ಅದನ್ನು ಕಂಡರೆ ನಾಚಿಕೆ. ಅಪ್ಪನೂ ನಾನೂ ಆ ಮಧ್ಯಾಹ್ನದ ಮಾತನ್ನು ಒಮ್ಮೆಯೂ ಆಡಲಿಲ್ಲ.

ಕಳೆದ ತಿಂಗಳು ನನ್ನ ಮಗಳು ಇಳಾ ಅಪ್ಪ ಹೋಗಿಬರುತ್ತಿದ್ದ ಅದೇ ರೈಲಿನಲ್ಲಿ ಜಾಕೆಟ್ಟು ಬಿಟ್ಟು ಇಳಿದಳು. ನಾನು ಫೋನು ಮಾಡಿದೆ, ಮತ್ತೆ ಮಾಡಿದೆ. ಬಣ್ಣ ಯಾವುದು ಎಂದು ಕೇಳುವ ಮನುಷ್ಯರ ದನಿ ಸಿಗಲಿಲ್ಲ. "ಇಟ್ಸ್ ಓಕೆ ಅಮ್ಮಾ, ಜಸ್ಟ್ ಎ ಜಾಕೆಟ್. ಬೇರೆದು ತಗೊಳ್ಳೋಣ," ಎಂದಳು. ಬಿಟ್ಟದ್ದು ವಾಪಸು ಬರುತ್ತದೆ ಎಂಬ ನಿರೀಕ್ಷೆಯೇ ಅವಳಿಗಿರಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ದುಃಖವಾದದ್ದು ಅದಕ್ಕೆ.

ಅದಾದ ಮೇಲೆ ಅಪ್ಪ ಹೋದ. ಅಸ್ಥಿಯನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಅಂಗಡಿಯ ಪೇಪರ್ ಬ್ಯಾಗಿನಂಥದರಲ್ಲಿ ಹಾಕಿ ಕೊಟ್ಟರು. ಮನೆಯ ಬಾಗಿಲವರೆಗೂ ಬಂದೆ, ಕೈಯಲ್ಲಿ ಕೀಲಿ ಹಿಡಿದು ನಿಂತೆ. ಒಳಗೆ ತರಬೇಡ ಎಂದು ಕೂಗಿ ಹೇಳುವವರು ಯಾರಿದ್ದಾರೆ? ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಯಾರಿಗೆ ಫೋನು ಮಾಡಲಿ? ಕೊನೆಗೆ ಹಿತ್ತಲಿಗೆ ಹೋದೆ. ಅಪ್ಪ ನೆಟ್ಟು ಬೆಳೆಸಿದ ಕಾಕಿ ಮರವಿದೆ ಅಲ್ಲಿ. ಕ್ಯಾಂಪ್‌ಬೆಲ್ಲಿನಲ್ಲಿ ಬೇರೆಯವರೆಲ್ಲ ನಿಂಬೆ, ಕಿತ್ತಳೆ ಹಾಕಿಕೊಂಡರೆ ಇವನೇಕೆ ಹಟ ಹಿಡಿದು ಇದನ್ನೇ ತಂದು ನೆಟ್ಟ ಎಂದು ಅಂದು ಅರ್ಥವಾಗಿರಲಿಲ್ಲ. ಪೆಟ್ಟಿಗೆಯನ್ನು ಮಂಡ್ಯದ ಜವಳಿ ಅಂಗಡಿಯ ಹಳದಿ ಬಟ್ಟೆಚೀಲಕ್ಕೆ ಹಾಕಿ ಕೊಂಬೆಗೆ ಕಟ್ಟಿದೆ.

ಇಳಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ತಾತಂಗೆ ಕೋಲ್ಡ್ ಆಗಲ್ವಾ? ಕ್ಯಾನ್ ವಿ ಬ್ರಿಂಗ್ ಹಿಮ್ ಇನ್?"

"ಬೇಡ ಕಂದ. ಮನೆಯೊಳಗೆ ತರಬಾರದು," ಎಂದೆ. ನನ್ನ ಬಾಯಿಂದ ಬಂದದ್ದು ಅಜ್ಜಿಯ ದನಿ.

ಅಂದು ಸಂಜೆ ಅವಳಿಗೆ ಇದನ್ನೆಲ್ಲ ಹೇಳಿದೆ, ಕಂದುಗೆಂಪು ರೈಲಿನಿಂದ ಹಿಡಿದು ಕಪಾಟಿನವರೆಗೆ. ಅವಳಿಗೆ ಎಷ್ಟು ತಿಳಿಯಿತೋ. ನನ್ನ ಕನ್ನಡ ಅವಳಿಗೆ ಅರ್ಧ ತಲುಪುತ್ತದೆ, ಅರ್ಧ ದಾರಿಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದೆ. ಮರದ ಕೆಳಗೆ ಅವಳ ಚಿಕ್ಕ ಕುರ್ಚಿ ಬಂದಿತ್ತು. ಕುರ್ಚಿಯ ಮೇಲೆ ಒಂದು ಕರವಸ್ತ್ರ, ಅದರ ಮೇಲೆ ಲೋಟದಲ್ಲಿ ನೀರು. ಬರಿಗಾಲಲ್ಲಿ ನಿಂತು ಅವಳು ಕುರ್ಚಿಯನ್ನು ಅಷ್ಟಷ್ಟೇ ಸರಿಸುತ್ತ ನೆಟ್ಟಗೆ ಮಾಡುತ್ತಿದ್ದಳು.

ಆ ಲೈನಿನಲ್ಲಿ ಬಿಟ್ಟದ್ದೆಲ್ಲ ವಾಪಸು ಬರುತ್ತಿತ್ತು. ಅಮ್ಮ ಬರಲಿಲ್ಲ, ಅಜ್ಜಿ ಬರಲಿಲ್ಲ, ಅಪ್ಪನೂ ಇನ್ನು ಬರುವುದಿಲ್ಲ. ಇಷ್ಟು ವರ್ಷಗಳ ಮೇಲೆ ನನ್ನನ್ನು ಹುಡುಕಿಕೊಂಡು ಬಂದದ್ದು ಆ ಒಂದು ಲೋಟ ನೀರು.